ಅಕ್ಕ-ತಂಗಿಯರೇ ‘ಅಕ್ಕ-ತಂಗಿ’ ಆಟ ಆಡಿದರೆ?

ಮಣ್ಣೆತ್ತಿನ ಅಮಾವಾಸ್ಯೆ ಬಂತೆಂದರೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ಓಣಿಗಳಲ್ಲಿ ಮಕ್ಕಳದ್ದೇ ಒಕ್ಕಲುತನ. ಒಬ್ಬ ರೈತ, ಒಬ್ಬಳು ಬುತ್ತಿ ತರೋ ಅವ್ವ, ಎಲ್ಲರಿಗಿಂತ ಸಣ್ಣದಕ್ಕೆ ಯಾವಾಗಲೂ ಕರುವಿನ ಪಾತ್ರ! ಆಷಾಢದ ಮಂಗಳವಾರ ಗುಳ್ಳವ್ವನನ್ನು ಕೂಡಿಸಿದ ಮೇಲಂತೂ ಕೇಳೋದೇ ಬೇಡ. ಅಷ್ಟರಲ್ಲಿ ಅವ್ವ ಯಾರಾಗಬೇಕು ಅಂತ ಜಗಳ ಶುರು. ಆಟ ಸಾಕು, ಅಕ್ಷರ ತಿದ್ದಿ ಅಂತ ನೀವು ಗದರ್ತೀರಿ, ಅಲ್ಲವೇ? ಅದಕ್ಕೂ ಮೊದಲು ಲೆವ್ ವೈಗಾಟ್‌ಸ್ಕಿ ಅವರ ಬದುಕಿನ ಕಡೆ ಸ್ವಲ್ಪ ನೋಡಿ. ಡಿ.ಇಡಿ., ಬಿ.ಇಡಿ. ಓದಿದವರಿಗೆ ಈ ಹೆಸರು ಹೊಸದಲ್ಲ.

ಈಗ ಬೆಲಾರೂಸ್‌ಗೆ ಸೇರಿರುವ ಓರ್ಶಾ ಊರಿನಲ್ಲಿ 1896ರಲ್ಲಿ ಹುಟ್ಟಿದ ಇವರು ಎಂಟು ಮಕ್ಕಳ ತುಂಬು ಮನೆಯಲ್ಲಿ ಎರಡನೆಯವರು. ಮಾಸ್ಕೋದಲ್ಲಿ ಕಾನೂನು ಓದಿ, ತಾವು ಬೆಳೆದ ಗೋಮೆಲ್‌ಗೆ ಮರಳಿ ಶಿಕ್ಷಕರಾದರು. ಆ ದಿನಗಳಲ್ಲೇ ಕ್ಷಯರೋಗ ಅಂಟಿಕೊಂಡಿತು. 1924ರಲ್ಲಿ ರೋಜಾ ಅವರೊಂದಿಗೆ ಮದುವೆ, ಅದೇ ವರ್ಷ ಮಾಸ್ಕೋದಲ್ಲಿ ಮನೋವಿಜ್ಞಾನದ ಕೆಲಸ. ಮುಂದೆ ಇಬ್ಬರು ಹೆಣ್ಣುಮಕ್ಕಳಾದರು. ರೋಗ ಮರುಕಳಿಸುತ್ತಲೇ ಇತ್ತು, ಬರವಣಿಗೆ ಮಾತ್ರ ನಿಲ್ಲಲಿಲ್ಲ.

1933ರಲ್ಲಿ ಲೆನಿನ್‌ಗ್ರಾಡಿನಲ್ಲಿ ಮಕ್ಕಳ ಆಟದ ಕುರಿತು ಉಪನ್ಯಾಸ ಕೊಟ್ಟರು. ಅದರಲ್ಲಿ ಐದು ಮತ್ತು ಏಳು ವರ್ಷದ ಅಕ್ಕ-ತಂಗಿಯರ ಪ್ರಸಂಗವಿದೆ. ಆ ಹುಡುಗಿಯರು ಆಡಿದ್ದು ಅಕ್ಕ-ತಂಗಿ ಆಟವನ್ನೇ! ಇದರಲ್ಲೇನು ವಿಶೇಷ ಅಂತೀರಾ? ದಿನನಿತ್ಯ ಅವರು ತಾವು ಅಕ್ಕ-ತಂಗಿ ಅಂತ ಯೋಚಿಸುವುದೇ ಇಲ್ಲ. ಆಟದಲ್ಲಿ ಮಾತ್ರ ಒಂದೇ ಥರ ಬಟ್ಟೆ, ಒಂದೇ ಥರ ಮಾತು, ಕೈಹಿಡಿದು ನಡಿಗೆ. ಅಕ್ಕ ಹೇಗಿರಬೇಕು ಅನ್ನೋ ನಿಯಮವನ್ನು ತಾವೇ ಹುಡುಕಿ, ತಾವೇ ಪಾಲಿಸುತ್ತಾರೆ. ಮಿಠಾಯಿಯನ್ನು ತಿನ್ನಬಾರದ ವಸ್ತು ಅಂತ ಆಟದಲ್ಲಿ ಒಪ್ಪಿಕೊಂಡ ಮಗು ಅದನ್ನು ಬಾಯಿಗೆ ಹಾಕಿಕೊಳ್ಳೋದಿಲ್ಲ. ಆಸೆ ತಡೆಯುವುದನ್ನು, ಇನ್ನೊಬ್ಬರ ಜೊತೆ ಹೊಂದಿಕೊಳ್ಳುವುದನ್ನು ಮಗು ಕಲಿಯೋದು ಹೀಗೆ.

ಮರುವರ್ಷ, 1934ರ ಜೂನ್‌ನಲ್ಲಿ ವೈಗಾಟ್‌ಸ್ಕಿ ತೀರಿಕೊಂಡರು. ವಯಸ್ಸು ಬರೀ 37. ಕಿರಿಮಗಳು ಇನ್ನೂ ಆಡುವ ಕೂಸು. 1936ರ ಸರ್ಕಾರಿ ಆದೇಶದ ನಂತರ ಅವರ ಕೃತಿಗಳು ಮೂಲೆಗೆ ಬಿದ್ದವು. ಮತ್ತೆ ಅಚ್ಚಾಗತೊಡಗಿದ್ದು 1956ರಲ್ಲಿ. ಆಟದ ಉಪನ್ಯಾಸ ಬೆಳಕು ಕಂಡಿದ್ದಂತೂ 1966ರಲ್ಲಿ.

ಅಷ್ಟು ಕಾದು ಬಂದ ಮಾತನ್ನು ನಿಮ್ಮ ಪಡಸಾಲೆಯಲ್ಲೇ ಪರೀಕ್ಷಿಸಿ ನೋಡಿ:

* ಪಾತ್ರ ಹಂಚುವ ಜಗಳಕ್ಕೆ ತಕ್ಷಣ ತಲೆ ಹಾಕಬೇಡಿ. ಆ ಚೌಕಾಶಿಯೂ ಆಟವೇ. ಕೈ ಮಿಲಾಯಿಸಿದರೆ ಮಾತ್ರ ಬಿಡಿಸಿ.

* ಸಣ್ಣದು ದಿನಾ ಕರುವೇ ಆಗಿ ಅಳುತ್ತಿದ್ದರೆ, ಬೀಗರಾಗಿ ಆಟದೊಳಗೆ ಹೋಗಿ. ಇವತ್ತು ಬುತ್ತಿ ಕೊಡೋರು ಯಾರು ಅಂತ ಸಣ್ಣದನ್ನೇ ಕೇಳಿ.

* ದುಬಾರಿ ಆಟಿಕೆ ಬೇಡ. ಮಣ್ಣು, ಹಳೇ ಸೀರೆ, ತೆಂಗಿನ ಚಿಪ್ಪು ಸಾಕು.

* ಹುಡುಗ ರೊಟ್ಟಿ ಬಡಿದರೆ, ಹುಡುಗಿ ಗಳೆ ಹೊಡೆದರೆ ನಗಬೇಡಿ.

* ಕೆಲಸಕ್ಕೆಂದು ದೊಡ್ಡ ಮಗಳನ್ನೇ ಆಟದ ನಡುವೆ ಎಬ್ಬಿಸಬೇಡಿ. ಅವಳಿಗೂ ಇನ್ನೂ ಏಳೇ ವರ್ಷ.