ಎಂಜಿನ್ನಿಗೆ ಹೆಸರಿತ್ತ ರುಡಾಲ್ಫ್ ಡೀಸೆಲ್

ಡೀಸೆಲ್ ಎಂಬ ಮಾತನ್ನು ಕೇಳದವರು ನಮ್ಮಲ್ಲಿ ಯಾರೂ ಇಲ್ಲ. ಹೊಲದ ಪಂಪಿನಿಂದ ಹಿಡಿದು ನಮ್ಮನ್ನು ಕಾಲೇಜಿಗೆ ಹೊತ್ತು ತರುವ ಬಸ್ಸಿನವರೆಗೆ ಅದರದೇ ಸದ್ದು, ಅದರದೇ ಹೊಗೆ. ಆದರೆ ಅದು ಮೊದಲು ಎಣ್ಣೆಯ ಹೆಸರಾಗಿರಲಿಲ್ಲ, ಒಬ್ಬ ಮನುಷ್ಯನ ಮನೆತನದ ಹೆಸರಾಗಿದ್ದಿತೆಂದು ನಾನು ಹೇಳಿದಾಗ ಸಹಪಾಠಿಗಳಲ್ಲಿ ಅನೇಕರು ನಂಬಲಿಲ್ಲ. ನಾನು ಇತಿಹಾಸದ ವಿದ್ಯಾರ್ಥಿ. ಯಂತ್ರಶಾಸ್ತ್ರ ನನ್ನ ಪಾಠವಲ್ಲ. ಸೋದರಮಾವನವರು ಒಂದು ಸಣ್ಣ ಗ್ಯಾರೇಜನ್ನು ನಡೆಸುತ್ತಾರಾದ್ದರಿಂದ, ರಜೆಯ ದಿನಗಳಲ್ಲಿ ಅವರ ಪಕ್ಕದಲ್ಲಿ ಸ್ಪ್ಯಾನರು ಹಿಡಿದು ನಿಂತು ಕಲಿತಷ್ಟೇ ನನ್ನ ಬಂಡವಾಳ. ಎಂಜಿನ್ನನ್ನು ಬಿಚ್ಚಿ ನೋಡಿದವನಿಗೆ ಅದನ್ನು ಕಟ್ಟಿದವನ ಕಥೆ ತಿಳಿಯಬೇಕೆಂಬ ಆಸೆ ಸಹಜವಷ್ಟೆ. ಆ ಕಥೆಯನ್ನೇ ಇಲ್ಲಿ ಹೇಳಹೊರಟಿದ್ದೇನೆ.

ರುಡಾಲ್ಫ್ ಡೀಸೆಲನು ಜನಿಸಿದ್ದು 1858ನೆಯ ಇಸವಿ ಮಾರ್ಚ್ 18ರಂದು, ಪ್ಯಾರಿಸ್ ನಗರದಲ್ಲಿ. ತಂದೆ ತಾಯಿಗಳು ಜರ್ಮನಿಯ ಬವೇರಿಯಾ ಪ್ರಾಂತದಿಂದ ಹೊಟ್ಟೆಪಾಡಿಗಾಗಿ ಬಂದವರು. ತಂದೆಗೆ ಪುಸ್ತಕಕ್ಕೆ ರಟ್ಟು ಕಟ್ಟುವ, ಚರ್ಮದ ಸಾಮಾನು ಮಾಡುವ ಕಸುಬು. 1870ರಲ್ಲಿ ಫ್ರಾನ್ಸಿಗೂ ಪ್ರಷ್ಯಕ್ಕೂ ಯುದ್ಧ ಹೊತ್ತಿಕೊಂಡಾಗ ಜರ್ಮನರಿಗೆ ಪ್ಯಾರಿಸಿನಲ್ಲಿ ನಿಲ್ಲಲು ನೆಲೆಯಿಲ್ಲದಾಯಿತು. ಸಂಸಾರವು ಲಂಡನ್ನಿಗೆ ಓಡಿತು. ಹನ್ನೆರಡು ವರ್ಷದ ಹುಡುಗನನ್ನು ಔಗ್ಸ್‌ಬರ್ಗ್ ಪಟ್ಟಣದಲ್ಲಿದ್ದ ಬಂಧುವಿನ ಮನೆಗೆ ಕಳುಹಿಸಿದರು. ಆ ಬಂಧು, ಬಾರ್ನಿಕೆಲ್ ಎಂಬಾತ, ಗಣಿತದ ಅಧ್ಯಾಪಕನಾಗಿದ್ದುದು ಹುಡುಗನ ಪುಣ್ಯ. ಅಲ್ಲಿಂದ ಮುಂದೆ ರುಡಾಲ್ಫನು ತರಗತಿಯಲ್ಲಿ ಮೊದಲನೆಯ ಸ್ಥಾನವನ್ನು ಬಿಟ್ಟುಕೊಡಲಿಲ್ಲ. 1875ರಲ್ಲಿ ವಿದ್ಯಾರ್ಥಿವೇತನ ಪಡೆದು ಮ್ಯೂನಿಕ್ಕಿನ ಪಾಲಿಟೆಕ್ನಿಕ್ ಸೇರಿದನು. 1879ರಲ್ಲಿ ವಿಷಮಶೀತಜ್ವರ ಬಂದು ಪರೀಕ್ಷೆ ತಪ್ಪಿತು. ಗುಣವಾದ ಮೇಲೆ 1880ರಲ್ಲಿ ಅತ್ಯುನ್ನತ ದರ್ಜೆಯಲ್ಲಿ ತೇರ್ಗಡೆಯಾದನು.

ಅಲ್ಲಿ ಅವನ ಗುರು ಕಾರ್ಲ್ ಫಾನ್ ಲಿಂಡೆ, ಶೀತಲೀಕರಣ ಯಂತ್ರಗಳಿಂದ ಹೆಸರಾದವನು. ಉಗಿ ಎಂಜಿನ್ನಿನಲ್ಲಿ ಸುಟ್ಟ ಕಲ್ಲಿದ್ದಲಿನ ಶಾಖದಲ್ಲಿ ನೂರಕ್ಕೆ ಹತ್ತು ಪಾಲೂ ಕೆಲಸಕ್ಕೆ ಒದಗುವುದಿಲ್ಲ, ಉಳಿದುದೆಲ್ಲ ವ್ಯರ್ಥ ಎಂಬುದನ್ನು ಗುರುವಿನ ಪಾಠದಲ್ಲಿ ಕೇಳಿದ ದಿನ ಶಿಷ್ಯನ ತಲೆಯಲ್ಲಿ ಒಂದು ಹುಳು ಹೊಕ್ಕಿತು. ಅದು ಕೊನೆಯವರೆಗೆ ಹೊರಬರಲಿಲ್ಲ. ಓದು ಮುಗಿಸಿ ಪ್ಯಾರಿಸಿನಲ್ಲಿ ಲಿಂಡೆಯ ಮಂಜುಗಡ್ಡೆ ಕಾರ್ಖಾನೆಯ ಕೆಲಸ ಮಾಡಿದನು, 1883ರಲ್ಲಿ ಮಾರ್ಥಾ ಎಂಬಾಕೆಯನ್ನು ಮದುವೆಯಾದನು, ಮೂವರು ಮಕ್ಕಳಾದರು. ಬಿಡುವಿನಲ್ಲೆಲ್ಲ ಅಮೋನಿಯ ಆವಿಯಿಂದ ನಡೆಯುವ ಎಂಜಿನ್ನಿಗಾಗಿ ಹೆಣಗಿ ವರ್ಷಗಳನ್ನು ಕಳೆದನು. ಅದು ಫಲಿಸಲಿಲ್ಲ. 1890ರಲ್ಲಿ ಬರ್ಲಿನ್ನಿಗೆ ಬಂದನು.

ಅಮೋನಿಯವನ್ನು ಬಿಟ್ಟು ಅವನು ಹಿಡಿದ ಹೊಸ ದಾರಿ ಹೇಳಲು ಬಲು ಸುಲಭ. ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ಬುಡ ಬಿಸಿಯಾಗುವುದನ್ನು ನಾವೆಲ್ಲ ಬಲ್ಲೆವು. ಬರಿಯ ಗಾಳಿಯನ್ನು ಇನ್ನೂ ಬಹಳವಾಗಿ ಅದುಮಿದರೆ ಅದು ಕೆಂಡದಂತೆ ಕಾಯುತ್ತದೆ. ಆ ಕ್ಷಣದಲ್ಲಿ ಎಣ್ಣೆಯನ್ನು ಸಿಂಪಡಿಸಿದರೆ ಕಿಡಿಯ ಹಂಗಿಲ್ಲದೆ ತಾನೇ ಹೊತ್ತಿಕೊಳ್ಳುತ್ತದೆ. ಈ ವಿಚಾರಕ್ಕೆ 1893ರ ಫೆಬ್ರವರಿಯಲ್ಲಿ ಜರ್ಮನ್ ಪೇಟೆಂಟ್ ದೊರೆಯಿತು. ಅದರ ಸಂಖ್ಯೆ 67207. ಅದೇ ವರ್ಷ ಸಿದ್ಧಾಂತವನ್ನು ವಿವರಿಸುವ ಪುಸ್ತಕವನ್ನೂ ಅಚ್ಚು ಹಾಕಿಸಿದನು.

ಇಲ್ಲೇ ಒಂದು ತೊಡಕಿದೆ. ಡೀಸೆಲನ ಪ್ರಶಂಸಕರು ಇದನ್ನು ಹಾರಿಸಿಬಿಡುತ್ತಾರೆ. ಅದು ನ್ಯಾಯವಲ್ಲವೆಂದು ನನ್ನ ಎಣಿಕೆ. ಎಣ್ಣೆ ಉರಿಯುವಾಗ ಶಾಖದ ಮಟ್ಟ ಏರಕೂಡದು, ಗಾಳಿಯ ಒತ್ತಡ 250 ವಾಯುಮಂಡಲದವರೆಗೆ ಹೋಗಬೇಕು ಎಂದು ಅವನು ಮೊದಲು ಲೆಕ್ಕ ಹಾಕಿದ್ದನು. ಅಂತಹ ಯಂತ್ರವನ್ನು ಕಟ್ಟಿದ್ದರೆ ತನ್ನನ್ನು ತಾನು ತಿರುಗಿಸಿಕೊಳ್ಳುವುದೇ ಅದಕ್ಕೆ ಕಷ್ಟವಾಗುತ್ತಿದ್ದಿತು. ಇದು ಅವನಿಗೆ ಬೇಗನೆ ಹೊಳೆಯಿತು. ಒತ್ತಡವನ್ನು ಬಹಳ ಇಳಿಸಿ, ಉರಿಯುವ ಕ್ರಮವನ್ನೂ ಬದಲಾಯಿಸಿ, 1893ರಲ್ಲೇ ಎರಡನೆಯ ಪೇಟೆಂಟಿಗೆ ಅರ್ಜಿ ಹಾಕಿದನು. ಆದರೆ ಮೊದಲಿನದು ತಪ್ಪಾಗಿದ್ದಿತೆಂದು ಬಾಯಿಬಿಟ್ಟು ಹೇಳಲಿಲ್ಲ. ಆ ಮೌನವೇ ಇಪ್ಪತ್ತು ವರ್ಷಗಳ ತರುವಾಯ ಶತ್ರುಗಳ ಕೈಗೆ ಆಯುಧವಾಯಿತು.

ಔಗ್ಸ್‌ಬರ್ಗಿನ ಯಂತ್ರ ಕಾರ್ಖಾನೆಯ ಮುಖ್ಯಸ್ಥ ಹೈನ್‌ರಿಖ್ ಬೂಟ್ಸನು ಈ ತರುಣನನ್ನು ನಂಬಿದನು. ಕ್ರುಪ್ ಕಂಪನಿಯೂ ಹಣ ಕೊಟ್ಟಿತು. 1893ರ ಆಗಸ್ಟ್ 10ರಂದು ಮೊದಲನೆಯ ಪರೀಕ್ಷೆ. ಪಟ್ಟಿಯಿಂದ ತಿರುಗಿಸಿ, ಒಳಗೆ ಎಣ್ಣೆ ಬಿಟ್ಟರೋ ಇಲ್ಲವೋ, ಒತ್ತಡವನ್ನಳೆಯುವ ಸಾಧನವು ಸಿಡಿದು ಚೂರಾಯಿತು. ಪುಣ್ಯಕ್ಕೆ ಯಾರ ಜೀವಕ್ಕೂ ಅಪಾಯವಾಗಲಿಲ್ಲ. ಉಳಿದವರಿಗೆ ಅದು ಸೋಲು. ಡೀಸೆಲನಿಗೋ ಎಣ್ಣೆ ತಾನಾಗಿ ಹೊತ್ತಿತೆಂಬ ಸಂತೋಷ! 1894ರ ಫೆಬ್ರವರಿ 17ರಂದು ಎಂಜಿನ್ನು ಸ್ವಂತ ಬಲದಿಂದ ಒಂದು ನಿಮಿಷ ತಿರುಗಿತು, 88 ಸುತ್ತು. ಸರಿಯಾಗಿ ಮೂರು ವರ್ಷಗಳ ಮೇಲೆ, 1897ರ ಫೆಬ್ರವರಿ 17ರಂದು, ಮ್ಯೂನಿಕ್ಕಿನ ಪ್ರೊಫೆಸರ್ ಶ್ರೋಟರ್ ಎಂಬಾತನು ಹೊಸ ಎಂಜಿನ್ನನ್ನು ಪರೀಕ್ಷಿಸಿದನು. ನಿಮಿಷಕ್ಕೆ 154 ಸುತ್ತಿನಲ್ಲಿ 17.8 ಅಶ್ವಶಕ್ತಿ, ಶಾಖದಲ್ಲಿ ನೂರಕ್ಕೆ 26.2 ಪಾಲು ಕೆಲಸವಾಗಿ ಬಂದಿತು. ಉಗಿಯ ಯುಗಕ್ಕೆ ಇದು ನಂಬಲಾರದ ಅಂಕಿ.

ಆ ಎಂಜಿನ್ನಿಗಿದ್ದುದು ಒಂದೇ ಸಿಲಿಂಡರು. 250 ಮಿಲಿಮೀಟರ್ ವ್ಯಾಸ, 400 ಮಿಲಿಮೀಟರ್ ಹೊಡೆತ. ಗುಣಿಸಿದರೆ ಹತ್ತೊಂಬತ್ತೂವರೆ ಲೀಟರಿಗೂ ಮಿಕ್ಕ ಗಾತ್ರ. ಇದನ್ನು 2003ರಲ್ಲಿ ಇಟಲಿಯ ಫಿಯಟ್ ಕಂಪನಿ ಹೊರತಂದ ಮಲ್ಟಿಜೆಟ್ ಎಂಬ ಪುಟ್ಟ ಟರ್ಬೊ ಡೀಸೆಲಿನೊಡನೆ ಹೋಲಿಸಿ ನೋಡಿರಿ. ನಾಲ್ಕು ಸಿಲಿಂಡರು, ಒಂದೊಂದಕ್ಕೂ 69.6 ಮಿಲಿಮೀಟರ್ ವ್ಯಾಸ, 82 ಮಿಲಿಮೀಟರ್ ಹೊಡೆತ. ಒಟ್ಟು ಗಾತ್ರ 1248 ಘನ ಸೆಂಟಿಮೀಟರ್, ಅಂದರೆ ಹಿರಿಯಜ್ಜನ ಹದಿನೈದರಲ್ಲಿ ಒಂದು ಪಾಲಿಗಿಂತ ಕಡಮೆ. ಶಕ್ತಿಯೋ ಮೊದಲ ಮಾದರಿಯಲ್ಲೇ 70 ಅಶ್ವಶಕ್ತಿ, 4000 ಸುತ್ತಿನಲ್ಲಿ. ನಮ್ಮ ದೇಶದಲ್ಲೂ ಹಲವು ಕಂಪನಿಗಳ ಸಣ್ಣ ಕಾರುಗಳ ಹೊಟ್ಟೆಯಲ್ಲಿ ಇದೇ ಇದ್ದಿತು. 2020ರ ಏಪ್ರಿಲಿನಲ್ಲಿ ಭಾರತ್ ಸ್ಟೇಜ್ ಆರರ ಹೊಗೆ ನಿಯಮ ಬಂದ ಮೇಲೆ ಇಲ್ಲಿನ ಹೊಸ ಕಾರುಗಳಿಂದ ಮರೆಯಾಯಿತು.

ಅಜ್ಜನಿಗೂ ಮೊಮ್ಮಗನಿಗೂ ನಡುವೆ ಇಷ್ಟು ಅಂತರವೇಕೆ? ಎಣ್ಣೆಯನ್ನು ಒಳಗೆ ನುಗ್ಗಿಸುವ ಉಪಾಯವೇ ಮುಖ್ಯ ಕಾರಣ. ದ್ರವವನ್ನು ನೇರವಾಗಿ ಸಿಂಪಡಿಸಲು ಡೀಸೆಲನು ಯತ್ನಿಸಿ ಸೋತನು. ಅಷ್ಟು ನವುರಾದ ಪಂಪು ಮಾಡುವ ಕೈಚಳಕ ಆ ಕಾಲಕ್ಕಿರಲಿಲ್ಲ. ಬೇರೊಂದು ಯಂತ್ರದಿಂದ ಗಾಳಿಯನ್ನು ಅದುಮಿ, ಆ ಗಾಳಿಯ ರಭಸದಿಂದ ಎಣ್ಣೆಯನ್ನು ಊದಬೇಕಾಯಿತು. ಹೀಗಾಗಿ ಎಂಜಿನ್ನಿಗೆ ಒಂದು ಭಾರವಾದ ಬಾಲ ಅಂಟಿಕೊಂಡಿತು. 1920ರ ದಶಕದಲ್ಲಿ ರಾಬರ್ಟ್ ಬಾಶ್ ಕಂಪನಿಯ ಪಂಪು ಬಂದ ಮೇಲೆ ಆ ಬಾಲ ಕಳಚಿತು. 1936ರಲ್ಲಿ ಮರ್ಸಿಡಿಸ್ 260 ಡಿ ಕಾರು ಸಾಧ್ಯವಾಯಿತು. ಈಗಿನ ಎಂಜಿನ್ನುಗಳಲ್ಲಿ ಎಣ್ಣೆಯ ಒತ್ತಡ ಸಾವಿರ ಬಾರನ್ನು ಮೀರುತ್ತದೆ. ಟರ್ಬೊ ಎಂಬುದು ಇನ್ನೊಬ್ಬನ ಕೊಡುಗೆ. ಹೊರಬೀಳುವ ಹೊಗೆಯಿಂದಲೇ ಚಕ್ರ ತಿರುಗಿಸಿ ಹೆಚ್ಚು ಗಾಳಿಯನ್ನು ಒಳಗೆ ತುಂಬುವ ಆ ಯುಕ್ತಿಗೆ 1905ರಲ್ಲಿ ಪೇಟೆಂಟ್ ಪಡೆದಾತನು ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬೂಖಿ. ಮುಂದೆ ಅವನು ದುಡಿದ ವಿಂಟರ್‌ಥೂರಿನ ಸುಲ್ಜರ್ ಕಾರ್ಖಾನೆಯಲ್ಲೇ ವಿದ್ಯಾರ್ಥಿ ಡೀಸೆಲನೂ ಕೆಲಕಾಲ ಕೈಕೆಲಸ ಕಲಿತಿದ್ದನು.

ಮೊದಲ ಎಂಜಿನ್ನುಗಳ ರೋಗಗಳು ಯಜಮಾನನನ್ನೇ ಮಲಗಿಸಿದವು. 1898ರಲ್ಲಿ ಕೆಂಪ್ಟನ್ ಪಟ್ಟಣದ ಬೆಂಕಿಪೊಟ್ಟಣದ ಕಾರ್ಖಾನೆಗೆ 60 ಅಶ್ವಶಕ್ತಿಯ ಎಂಜಿನ್ನು ಹೋಯಿತು. ಹೋದದ್ದೇ ತಡ, ರಿಪೇರಿಯ ಮೇಲೆ ರಿಪೇರಿ. ಪರೀಕ್ಷಾಲಯದಲ್ಲಿ ಪಂಡಿತರ ಕೈಯಲ್ಲಿ ಸೊಗಸಾಗಿ ನಡೆದುದು ಕಾರ್ಖಾನೆಯ ಧೂಳಿನಲ್ಲಿ ಮುಷ್ಕರ ಹೂಡಿತು. ಅತ್ತ ಪೇಟೆಂಟಿನ ವ್ಯಾಜ್ಯ, ಇತ್ತ ಗಿರಾಕಿಗಳ ಗಲಾಟೆ. ಆ ವರ್ಷವೇ ಡೀಸೆಲನ ಆರೋಗ್ಯ ಕುಸಿದು ಚಿಕಿತ್ಸಾಲಯ ಸೇರಿದನು. ಔಗ್ಸ್‌ಬರ್ಗಿನ ಎಂಜಿನಿಯರರು ಮಾತ್ರ ಕೈಬಿಡದೆ ಒಂದೊಂದೇ ದೋಷವನ್ನು ತಿದ್ದುತ್ತ ಹೋದರು.

ಮೊಮ್ಮಕ್ಕಳಿಗೂ ರೋಗ ತಪ್ಪಿಲ್ಲ. ಸಣ್ಣ ಟರ್ಬೊ ಡೀಸೆಲು ಗ್ಯಾರೇಜಿಗೆ ಬಂದರೆ ಮಾವನವರು ಮೊದಲು ಕೇಳುವ ಪ್ರಶ್ನೆ, ಎಂಜಿನ್ ಆಯಿಲು ಬದಲಿಸಿ ಎಷ್ಟು ದಿನವಾಯಿತೆಂಬುದು. ಹಳಸಿದ ಎಣ್ಣೆಯಿಂದ ಟೈಮಿಂಗ್ ಸರಪಣಿ ಸವೆದು ಸಡಿಲವಾಗುತ್ತದೆ, ಮುಂಜಾನೆ ಚಾಲೂ ಮಾಡಿದೊಡನೆ ಗಲಗಲ ಸದ್ದು. ನಿಮಿಷಕ್ಕೆ ಲಕ್ಷ ಸುತ್ತನ್ನೂ ಮೀರಿ ತಿರುಗುವ ಟರ್ಬೊದ ಕೀಲಿಗೂ ಅದೇ ಎಣ್ಣೆಯೇ ಆಧಾರ. ಹೊಗೆಯನ್ನು ಮರಳಿ ಒಳಗೆ ಬಿಡುವ ಇಜಿಆರ್ ಕವಾಟದಲ್ಲಿ ಮಸಿ ಕಟ್ಟುತ್ತದೆ. ಮಸಿ ಹಿಡಿಯುವ ಜರಡಿಯುಳ್ಳ ಕಾರಾದರೆ, ಪೇಟೆಯೊಳಗೆ ಎರಡೆರಡು ಮೈಲಿ ಓಡಿಸುವವರಿಗೆ ಆ ಜರಡಿ ಕಾದು ಶುದ್ಧವಾಗಲು ಅವಕಾಶವೇ ಸಿಗದೆ ಮುಚ್ಚಿಹೋಗುತ್ತದೆ. ಎಣ್ಣೆಯ ಕೊನೆಯ ಹನಿಯೂ ಪೂರ್ತಿ ಉರಿಯಬೇಕೆಂದು ಹಂಬಲಿಸಿದವನ ಎಂಜಿನ್ನಿಗೆ ಅರೆಬೆಂದ ಮಸಿಯೇ ಮುಖ್ಯ ಶತ್ರುವಾದುದು ವಿಧಿಯ ಆಟ.

1897ರ ನಂತರ ದೇಶದೇಶಗಳಿಂದ ಪರವಾನಗಿಯ ಹಣ ಹರಿದುಬಂದಿತು. ಅಮೆರಿಕದ ಹಕ್ಕನ್ನು ಆಡಾಲ್ಫಸ್ ಬುಶ್ ಹತ್ತು ಲಕ್ಷ ಮಾರ್ಕುಗಳಿಗೆ ಕೊಂಡನು. ನಲವತ್ತರ ಹರೆಯದಲ್ಲಿ ಡೀಸೆಲನು ಕೋಟ್ಯಧೀಶನಂತೆ ಮ್ಯೂನಿಕ್ಕಿನಲ್ಲಿ ಅರಮನೆ ಕಟ್ಟಿಸಿದನು. ಯಂತ್ರದ ಲೆಕ್ಕದಲ್ಲಿದ್ದ ಜಾಣತನ ಹಣದ ಲೆಕ್ಕದಲ್ಲಿರಲಿಲ್ಲ. ಎಣ್ಣೆ ಬಾವಿಗಳಲ್ಲಿ, ನಿವೇಶನಗಳಲ್ಲಿ ಹೂಡಿದುದು ಕರಗಿತು.

ಅವನ ನಿಜವಾದ ಕನಸೇ ಬೇರೆಯಾಗಿದ್ದಿತು. ತಂದೆಯಂತಹ ಕೈಕಸುಬಿನವರ ಮನೆಯಲ್ಲಿ ಸಣ್ಣ ಎಂಜಿನ್ನು ನಡೆದು, ದೊಡ್ಡ ಕಾರ್ಖಾನೆಗಳ ಎದುರು ಅವರು ತಲೆಯೆತ್ತಿ ಬಾಳಬೇಕೆಂಬುದು. 1903ರಲ್ಲಿ ದುಡಿಯುವವರ ಸಹಕಾರವನ್ನು ಕುರಿತು ಒಂದು ಗ್ರಂಥವನ್ನೇ ಬರೆದನು. ಕೊಂಡು ಓದಿದವರು ಬಲು ವಿರಳ. ಎಂಜಿನ್ನೋ ಕಸುಬಿನವರ ಮನೆಯನ್ನು ಬಿಟ್ಟು ಹಡಗು, ಜಲಾಂತರ್ಗಾಮಿ, ದೊಡ್ಡ ವಿದ್ಯುದಾಗಾರಗಳನ್ನು ಸೇರಿತು. 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಒಂದು ಡೀಸೆಲ್ ಎಂಜಿನ್ನು ಕಡಲೆಕಾಯಿ ಎಣ್ಣೆಯಿಂದ ನಡೆಯಿತು. ಅನಂತರ ಡೀಸೆಲನೂ ಸಸ್ಯತೈಲದ ಭವಿಷ್ಯವನ್ನು ಎತ್ತಿ ಹೇಳಿದನು. ನೂರು ವರ್ಷಗಳ ತರುವಾಯ ನಮ್ಮ ಬೆಂಗಳೂರಿನ ವಿಜ್ಞಾನ ಮಂದಿರದವರು ಹೊಂಗೆ ಎಣ್ಣೆಯಿಂದ ಹಳ್ಳಿಯ ಡೀಸೆಲ್ ಎಂಜಿನ್ನುಗಳನ್ನು ನಡೆಸಿ ತೋರಿಸಿದರೆಂಬುದನ್ನು ಇಲ್ಲಿ ನೆನೆಯುವುದು ಅಪ್ರಸ್ತುತವಾಗಲಾರದು.

1913ರ ಹೊತ್ತಿಗೆ ಕೀರ್ತಿ ಶಿಖರದಲ್ಲಿದ್ದಿತು, ಬೊಕ್ಕಸ ಪಾತಾಳದಲ್ಲಿ. ಅದೇ ವರ್ಷ ಆಕನ್ನಿನ ಪ್ರೊಫೆಸರ್ ಲೂಡರ್ಸ್ ಎಂಬವನು, ಈ ಎಂಜಿನ್ನಿನಲ್ಲಿ ಡೀಸೆಲನ ಪಾಲು ಬರಿಯ ಕಟ್ಟುಕಥೆಯೆಂದು ಪುಸ್ತಕವನ್ನೇ ಬರೆದನು. ಮೊದಲ ಪೇಟೆಂಟಿನ ತಪ್ಪು ಲೆಕ್ಕವೇ ಅವನ ಮುಖ್ಯ ಸಾಕ್ಷ್ಯ. ನಾನು ಎರಡು ಪಕ್ಷವನ್ನೂ ತೂಗಿ ನೋಡಿದ್ದೇನೆ. ಸಿದ್ಧಾಂತದ ಮಟ್ಟಿಗೆ ಲೂಡರ್ಸನ ಮಾತಿನಲ್ಲಿ ಹುರುಳಿದೆ. ಆದರೆ ಸಿದ್ಧಾಂತ ಕೈಕೊಟ್ಟ ಮೇಲೂ ನಾಲ್ಕು ವರ್ಷ ಔಗ್ಸ್‌ಬರ್ಗಿನಲ್ಲಿ ಕಬ್ಬಿಣದೊಡನೆ ಹೋರಾಡಿದವನು ಡೀಸೆಲನೇ ಹೊರತು ಟೀಕಾಕಾರನಲ್ಲ. ಹೆಸರು ಸಲ್ಲಬೇಕಾದವನಿಗೇ ಸಂದಿದೆ.

ಆ ವರ್ಷ ಸೆಪ್ಟೆಂಬರ್ 29ರ ಸಂಜೆ ಆಂಟ್‌ವರ್ಪ್ ಬಂದರಿನಲ್ಲಿ ಡ್ರೆಸ್ಡೆನ್ ಎಂಬ ಹಡಗು ಹತ್ತಿ ಇಂಗ್ಲೆಂಡಿಗೆ ಹೊರಟನು. ಇಬ್ಬರು ಸಂಗಡಿಗರೊಡನೆ ಊಟ ಮಾಡಿ, ಬೆಳಗ್ಗೆ ಆರೂಕಾಲಕ್ಕೆ ಎಬ್ಬಿಸಬೇಕೆಂದು ಹೇಳಿ, ಹತ್ತು ಗಂಟೆಗೆ ಕೋಣೆಗೆ ಹೋದನು. ಬೆಳಗ್ಗೆ ನೋಡಿದರೆ ಹಾಸಿಗೆ ಮುಟ್ಟದಂತಿದೆ. ರಾತ್ರಿಯ ಉಡುಪು ಅಣಿಯಾಗಿಟ್ಟಂತೆಯೇ ಇದೆ. ಹಡಗಿನ ಹಿಂಭಾಗದ ಕಟಕಟೆಯ ಬಳಿ ಟೋಪಿ, ಮಡಿಸಿದ ಮೇಲಂಗಿ. ದಿನಚರಿಯಲ್ಲಿ ಆ ತಾರೀಖಿನ ಎದುರು ಒಂದು ಶಿಲುಬೆಯ ಗುರುತು. ಗೂಢಚಾರರು ತಳ್ಳಿದರು, ಎಣ್ಣೆ ವ್ಯಾಪಾರಿಗಳು ಕೊಲ್ಲಿಸಿದರು ಎಂದು ಪತ್ರಿಕೆಗಳು ಬಗೆಬಗೆಯಾಗಿ ಬರೆದವು. ಹೊರಡುವ ಮುನ್ನ ಮಡದಿಗೆ ಒಂದು ಚೀಲ ಕೊಟ್ಟು ವಾರದ ನಂತರ ತೆರೆಯಲು ಹೇಳಿದ್ದನು. ಅದರಲ್ಲಿ ಹಣವೂ ಬ್ಯಾಂಕಿನ ಖಾತೆಗಳೆಲ್ಲ ಬರಿದಾಗಿವೆಯೆಂದು ತೋರಿಸುವ ಕಾಗದಗಳೂ ಇದ್ದವು. ಇದನ್ನು ಓದಿದ ಮೇಲೆ ಗೂಢಚಾರರ ಕಥೆಯಲ್ಲಿ ನನಗೆ ನಂಬಿಕೆ ಉಳಿಯಲಿಲ್ಲ.

ಹತ್ತು ದಿನಗಳ ಮೇಲೆ ಒಂದು ಡಚ್ ದೋಣಿಯವರಿಗೆ ಸಮುದ್ರದಲ್ಲಿ ಹೆಣವೊಂದು ಕಂಡಿತು. ದೇಹ ಕೆಟ್ಟಿದ್ದುದರಿಂದ ಅದನ್ನು ನೀರಿಗೇ ಬಿಟ್ಟು, ಜೇಬಿನಲ್ಲಿದ್ದ ಮಾತ್ರೆಯ ಡಬ್ಬಿ, ಚಾಕು, ಕನ್ನಡಕದ ಪೆಟ್ಟಿಗೆಗಳನ್ನು ಮಾತ್ರ ತಂದರು. ಅಕ್ಟೋಬರ್ 13ರಂದು ಫ್ಲಿಸಿಂಗೆನ್ ಬಂದರಿನಲ್ಲಿ ಅವು ತಂದೆಯವೇ ಎಂದು ಕಿರಿಯ ಮಗ ಯೂಜೆನ್ ಗುರುತು ಹಿಡಿದನು. ಅವನು ಎಂಜಿನಿಯರನ ದಾರಿ ಬಿಟ್ಟು ಲೇಖಕನಾದನು. 1937ರಲ್ಲಿ ತಂದೆಯ ಜೀವನಚರಿತ್ರೆಯನ್ನು ಬರೆದು ಪ್ರಕಟಿಸಿದನು.