ವಯೊಲೆಟ್ ಆಳ್ವ: ಒಂದೇ ಸದನ, ಮೂರು ಹೊಣೆ



ಚುನಾವಣೆಯಲ್ಲಿ ಗೆದ್ದವರ ಕೊರಳಿಗೆ ಹಾರ ಬೀಳುವುದನ್ನು ನೀವೆಲ್ಲ ನೋಡಿದ್ದೀರಿ. ಆದರೆ ಹಾರ ತೆಗೆದಿಟ್ಟ ಮರುದಿನದಿಂದ ಅವರು ಮಾಡಬೇಕಾದ ಕೆಲಸವೇನು, ಅದನ್ನು ಕಲಿಸುವವರು ಯಾರು ಎಂದು ಯೋಚಿಸಿದ್ದೀರಾ? ಶಿಕ್ಷಕರಾಗಲು ಬಿ.ಇಡಿ. ಬೇಕು, ವಕೀಲರಾಗಲು ಕಾನೂನು ಪದವಿ ಬೇಕು. ಸಂಸತ್ ಸದಸ್ಯರಾಗಲು ಅಂಥ ಪರೀಕ್ಷೆ ಇಲ್ಲ. ಒಳಗೆ ಹೋದ ಮೇಲೆ ದುಡಿದೇ ಕಲಿಯಬೇಕು. ಹಾಗೆ ಕಲಿತು ಎತ್ತರಕ್ಕೇರಿದ ಒಬ್ಬ ಮಹಿಳೆಯ ಬದುಕನ್ನು ಇಲ್ಲಿ ನಿಮ್ಮ ಮುಂದಿಡುತ್ತಿದ್ದೇನೆ.

ವಯೊಲೆಟ್ ಹರಿ ಹುಟ್ಟಿದ್ದು 1908ರ ಏಪ್ರಿಲ್ 24ರಂದು, ಅಹಮದಾಬಾದಿನಲ್ಲಿ. ತಂದೆ ಲಕ್ಷ್ಮಣ ಹರಿ ಕ್ರೈಸ್ತ ಪಾದ್ರಿಗಳು. ಹದಿನಾರನೆಯ ವಯಸ್ಸಿಗೇ ಆಕೆ ತಂದೆ ತಾಯಿ ಇಬ್ಬರನ್ನೂ ಕಳೆದುಕೊಂಡರು. ಆ ಕಾಲದಲ್ಲಿ ಅನಾಥಳಾದ ಹುಡುಗಿಯ ಓದು ಅಲ್ಲಿಗೇ ನಿಲ್ಲುವುದು ಸಾಮಾನ್ಯವಾಗಿತ್ತು. ಆದರೆ ಒಡಹುಟ್ಟಿದವರು ಆಕೆಯ ಓದನ್ನು ನಿಲ್ಲಿಸಲಿಲ್ಲ. ಮುಂಬಯಿಯ ಸೇಂಟ್ ಝೇವಿಯರ್ ಕಾಲೇಜಿನಲ್ಲಿ ಪದವಿ, ಸರ್ಕಾರಿ ಕಾನೂನು ಕಾಲೇಜಿನಲ್ಲಿ ವಕೀಲಿ ಓದು ಮುಗಿಯಿತು. ಕೆಲಕಾಲ ಮಹಿಳಾ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಅಧ್ಯಾಪಕಿಯೂ ಆಗಿದ್ದರು. 1937ರಲ್ಲಿ ಉಡುಪಿ ಬಳಿಯ ಬೆಳ್ಳೆಯವರಾದ ಪತ್ರಕರ್ತ, ಸ್ವಾತಂತ್ರ್ಯ ಹೋರಾಟಗಾರ ಜೋಕಿಂ ಆಳ್ವರನ್ನು ಮದುವೆಯಾದರು.

1943ರಲ್ಲಿ ಬ್ರಿಟಿಷರು ಆಕೆಯನ್ನು ಬಂಧಿಸಿದಾಗ ಐದು ತಿಂಗಳ ಹಸುಗೂಸನ್ನು ಎತ್ತಿಕೊಂಡೇ ಜೈಲಿಗೆ ಹೋದರು. 1944ರಲ್ಲಿ ಹೈಕೋರ್ಟಿನ ಪೂರ್ಣ ಪೀಠದ ಮುಂದೆ ವಾದಿಸಿದರು. ಹಾಗೆ ವಾದಿಸಿದ ಭಾರತದ ಮೊದಲ ಮಹಿಳಾ ವಕೀಲೆ ಎಂಬ ಹೆಸರು ಅವರದು. ಅದೇ ವರ್ಷ ಮಹಿಳೆಯರಿಗಾಗಿ ‘ಬೇಗಂ’ ಎಂಬ ಪತ್ರಿಕೆಯನ್ನೂ ಆರಂಭಿಸಿದರು.

1952ರಲ್ಲಿ ಗಂಡ ಹೆಂಡತಿ ಇಬ್ಬರೂ ಸಂಸತ್ತಿಗೆ ಆಯ್ಕೆಯಾದರು. ಜೋಕಿಂ ಆಳ್ವ ಉತ್ತರ ಕನ್ನಡದಿಂದ ಲೋಕಸಭೆಗೆ, ವಯೊಲೆಟ್ ಮುಂಬಯಿ ರಾಜ್ಯದಿಂದ ರಾಜ್ಯಸಭೆಗೆ. ಭಾರತದ ಸಂಸತ್ತಿನ ಮೊದಲ ದಂಪತಿ ಇವರೇ. ನಮ್ಮ ಮುರಗೋಡ, ಬೈಲಹೊಂಗಲ, ಸವದತ್ತಿ, ರಾಮದುರ್ಗ ಆಗ ಮುಂಬಯಿ ರಾಜ್ಯದಲ್ಲೇ ಇದ್ದವು. ಎಂದರೆ ವಯೊಲೆಟ್ ಆಳ್ವ ನಮ್ಮ ನಾಡಿನ ಪ್ರತಿನಿಧಿಯೂ ಹೌದು.

1952ರ ಮೇ 13ರಂದು ರಾಜ್ಯಸಭೆ ಮೊದಲ ಬಾರಿ ಸೇರಿತು. ಡಾ. ರಾಧಾಕೃಷ್ಣನ್ ಸಭಾಪತಿ. ಆಗ ಸದಸ್ಯರಷ್ಟೇ ಅಲ್ಲ, ಸದನವೂ ಹೊಸದು. ಹೊಸ ಸದಸ್ಯರ ಮೊದಲ ಕೆಲಸ ಪ್ರಮಾಣ ವಚನ. ಅದಾಗದೆ ಸದನದಲ್ಲಿ ಕೂರುವಂತಿಲ್ಲ, ಮತ ಹಾಕುವಂತಿಲ್ಲ. ಆಮೇಲೆ ನಿಜವಾದ ಪಾಠ ಆರಂಭ. ಮಂತ್ರಿಯನ್ನು ಪ್ರಶ್ನಿಸಬೇಕಾದರೆ ಮುಂಚೆಯೇ ಬರೆದು ಕೊಡಬೇಕು. ನಕ್ಷತ್ರ ಗುರುತಿನ ಪ್ರಶ್ನೆಗೆ ಬಾಯಿಮಾತಿನ ಉತ್ತರ ಸಿಗುತ್ತದೆ, ಅದರ ಮೇಲೆ ಉಪಪ್ರಶ್ನೆ ಕೇಳಬಹುದು. ನಕ್ಷತ್ರವಿಲ್ಲದ ಪ್ರಶ್ನೆಗೆ ಬರಹದ ಉತ್ತರ ಮಾತ್ರ. ಏನೇ ಹೇಳಿದರೂ ಪೀಠವನ್ನು ಉದ್ದೇಶಿಸಿಯೇ ಹೇಳಬೇಕು. ಮಾತಿಗೆ ಸಿಗುವುದು ಕೆಲವೇ ನಿಮಿಷ. ವಿಷಯ ಓದಿಕೊಂಡು ಬಾರದವರಿಗೆ ಆ ನಿಮಿಷಗಳೂ ವ್ಯರ್ಥ.

ವಯೊಲೆಟ್ ಎತ್ತಿಕೊಂಡ ವಿಷಯಗಳನ್ನು ನೋಡಿ: ಕುಟುಂಬ ಯೋಜನೆ, ನೌಕಾಪಡೆಯ ಬಲ, ವಿದೇಶಿ ಬಂಡವಾಳದ ಬಗ್ಗೆ ಎಚ್ಚರಿಕೆ, ಸಂಶೋಧನೆಗೆ ಬಳಸುವ ಪ್ರಾಣಿಗಳ ಹಿತ, ಭಾಷಾವಾರು ರಾಜ್ಯಗಳು. ಮಹಿಳಾ ಸದಸ್ಯೆ ಮಹಿಳೆಯರ ವಿಷಯವನ್ನಷ್ಟೇ ಮಾತಾಡಬೇಕೆಂಬ ಗೆರೆಯನ್ನು ಆಕೆ ಒಪ್ಪಲಿಲ್ಲ. ಭಾಷಾವಾರು ರಾಜ್ಯದ ವಿಷಯವಂತೂ ನಮ್ಮ ಮನೆಬಾಗಿಲಿನದು. 1956ರ ನವೆಂಬರ್ 1ರಂದು ಬೆಳಗಾವಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಮುಂದೆ ವಯೊಲೆಟ್ ಕೂಡ ಮೈಸೂರು ರಾಜ್ಯದಿಂದಲೇ ಆಯ್ಕೆಯಾದರು.

1957ರ ಚುನಾವಣೆಯ ನಂತರ ಅವರು ಗೃಹ ಖಾತೆಯ ಉಪಮಂತ್ರಿಯಾದರು. ಅದೇ ಖಾತೆಯಲ್ಲಿ ನಮ್ಮ ಬೆಳಗಾವಿಯ ಸಂಸದ ಬಿ.ಎನ್. ದಾತಾರ್ ರಾಜ್ಯಮಂತ್ರಿಯಾಗಿದ್ದರು. ನಿನ್ನೆಯವರೆಗೆ ಪ್ರಶ್ನೆ ಕೇಳುತ್ತಿದ್ದವರು ಈಗ ಉತ್ತರ ಕೊಡುವ ಜಾಗಕ್ಕೆ ಬಂದರು. 1962ರ ಏಪ್ರಿಲ್‌ನಲ್ಲಿ ರಾಜ್ಯಸಭೆಯ ಉಪಸಭಾಪತಿಯಾದರು. ಆ ಪದವಿಗೇರಿದ ಮೊದಲ ಮಹಿಳೆ ಅವರೇ. ಅಲ್ಲಿ ಮೂರನೆಯ ಪಾಠ. ಪೀಠದಲ್ಲಿ ಕೂತವರು ವಾದಿಸುವಂತಿಲ್ಲ. ಮತಗಳು ಸಮವಾದಾಗ ಮಾತ್ರ ಅವರ ಮತ. ತಮ್ಮ ಪಕ್ಷದವರಿಗೂ ಎದುರು ಪಕ್ಷದವರಿಗೂ ಒಂದೇ ತಕ್ಕಡಿ ಹಿಡಿಯಬೇಕು. ಕೇಳುವುದು, ಉತ್ತರಿಸುವುದು, ಇತರರ ಮಾತಿಗೆ ಅವಕಾಶ ಕೊಡುವುದು: ಒಂದೇ ಸದನದಲ್ಲಿ ಈ ಮೂರೂ ಹೊಣೆಯನ್ನು ಅವರು ಹೊತ್ತರು.

ಕೊನೆಯ ದಿನಗಳು ನೋವಿನವು. 1969ರಲ್ಲಿ ಉಪರಾಷ್ಟ್ರಪತಿ ಹುದ್ದೆಗೆ ಪ್ರಧಾನಿಯ ಬೆಂಬಲ ಅವರಿಗೆ ದೊರೆಯಲಿಲ್ಲ. ನವೆಂಬರ್ 16ರಂದು ಉಪಸಭಾಪತಿ ಸ್ಥಾನ ಬಿಟ್ಟರು. ನಾಲ್ಕೇ ದಿನದಲ್ಲಿ, ನವೆಂಬರ್ 20ರಂದು, ಮೆದುಳಿನ ರಕ್ತಸ್ರಾವದಿಂದ ತೀರಿಕೊಂಡರು. 2008ರಲ್ಲಿ ಭಾರತೀಯ ಅಂಚೆ ಇಲಾಖೆ ಈ ದಂಪತಿಯ ಸ್ಮಾರಕ ಅಂಚೆಚೀಟಿ ಹೊರತಂದಿತು.

ಓದುಗರೇ, ಇಂದು ಕರ್ನಾಟಕದ ಗ್ರಾಮ ಪಂಚಾಯಿತಿಗಳಲ್ಲಿ ಅರ್ಧದಷ್ಟು ಸ್ಥಾನ ಮಹಿಳೆಯರಿಗೆ ಮೀಸಲು. ಆದರೆ ಗೆದ್ದವಳು ಮನೆಯಲ್ಲಿ, ಕುರ್ಚಿಯ ಮೇಲೆ ಗಂಡ ಎಂಬ ಮಾತು ಇನ್ನೂ ಹಳ್ಳಿಗಳಲ್ಲಿ ಕೇಳಿಬರುತ್ತದೆ. ವಯೊಲೆಟ್ ಅವರ ಗಂಡನೂ ಸಂಸದರೇ ಆಗಿದ್ದರು. ಆದರೂ ಆಕೆಯ ಕುರ್ಚಿಯಲ್ಲಿ ಆಕೆಯೇ ಕೂತರು, ಆಕೆಯ ಮಾತನ್ನು ಆಕೆಯೇ ಆಡಿದರು. ಅದಕ್ಕೆ ಬಲ ಕೊಟ್ಟದ್ದು ಅವರ ಓದು. ನಿಮ್ಮ ಓಣಿಯಲ್ಲಿ ಈ ಸಲ ಗೆದ್ದ ಅಕ್ಕನೋ ಅತ್ತಿಗೆಯೋ ಇದ್ದರೆ ಹಾರ ಹಾಕಿ ಸುಮ್ಮನಾಗಬೇಡಿ. ಸಭೆಯ ನೋಟಿಸು, ಜಮಾ ಖರ್ಚಿನ ಪುಸ್ತಕ ಅವರ ಕೈಗೇ ಸೇರಲಿ. ಓದಲು ಬಾರದಿದ್ದರೆ ಮನೆಯ ಮಕ್ಕಳು ಪಕ್ಕದಲ್ಲಿ ಕೂತು ಓದಿ ಹೇಳಲಿ. ಮಗಳನ್ನು ಹತ್ತನೆಯ ತರಗತಿಗೇ ನಿಲ್ಲಿಸಬೇಕೆಂದಿರುವ ತಂದೆ ತಾಯಿ, ಹದಿನಾರರ ಆ ತಬ್ಬಲಿ ಹುಡುಗಿಯನ್ನು ಓದಿಸಿದ ಒಡಹುಟ್ಟಿದವರನ್ನು ಒಮ್ಮೆ ನೆನೆಯಲಿ.