ಕಿವಿ ಮಂದವಾಗಿದ್ದ ಮೀಶರ್

ನನಗೆ ಎಡಗಿವಿ ಸರಿಯಾಗಿ ಕೇಳಿಸುವುದಿಲ್ಲ. ಹಾಗಾಗಿ ದ್ವಿತೀಯ ಪಿಯುಸಿಯಲ್ಲೂ ಮೊದಲ ಬೆಂಚೇ ನನ್ನ ಜಾಗ. ಡಾಕ್ಟರ್ ಆಗಬೇಕೆಂಬ ಆಸೆಯಿದೆ, ಸ್ಟೆತೊಸ್ಕೋಪಿನ ಚಿಂತೆಯೂ ಇದೆ. ಫ್ರೆಡ್ರಿಕ್ ಮೀಶರ್ ನನಗೆ ಹತ್ತಿರವಾದದ್ದು ಇದೇ ಕಾರಣಕ್ಕೆ.

ಮೀಶರ್ ಹುಟ್ಟಿದ್ದು 1844ರಲ್ಲಿ, ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ. ತಂದೆ ವೈದ್ಯರು, ಸೋದರಮಾವ ವಿಲ್ಹೆಲ್ಮ್ ಹಿಸ್ ಹೆಸರಾಂತ ಅಂಗರಚನಾಶಾಸ್ತ್ರಜ್ಞ. ಮೀಶರ್ ಕೂಡ ವೈದ್ಯಕೀಯ ಓದಿದರು. ಆದರೆ ಕಿವಿ ಮಂದವಾಗಿದ್ದುದರಿಂದ ರೋಗಿಗಳನ್ನು ನೋಡುವುದು ಕಷ್ಟವೆಂದು ರಸಾಯನಶಾಸ್ತ್ರದ ಕಡೆ ಹೊರಳಿದರು. ಜರ್ಮನಿಯ ಟ್ಯೂಬಿಂಗೆನ್‌ನಲ್ಲಿ ಹಳೆಯ ಕೋಟೆಯೊಂದರ ಅಡುಗೆಮನೆಯೇ ಅವರ ಪ್ರಯೋಗಾಲಯ. ಆಸ್ಪತ್ರೆಯ ಬ್ಯಾಂಡೇಜುಗಳಿಗೆ ಅಂಟಿದ ಕೀವನ್ನು ತೊಳೆದು, ಅದರ ಜೀವಕೋಶಗಳ ನ್ಯೂಕ್ಲಿಯಸ್ಸಿನಿಂದ 1869ರಲ್ಲಿ ರಂಜಕವಿರುವ ಹೊಸ ವಸ್ತುವೊಂದನ್ನು ಬೇರ್ಪಡಿಸಿದರು. ಅದಕ್ಕೆ ನ್ಯೂಕ್ಲಿನ್ ಎಂದು ಹೆಸರಿಟ್ಟರು. ಇಂದಿನ ಡಿಎನ್ಎ ಅದೇ. ಗುರು ಹೊಪ್ಪೆ-ಸೈಲರ್ ಒಮ್ಮೆಲೇ ನಂಬಲಿಲ್ಲ. ತಾವೇ ಪ್ರಯೋಗ ಮಾಡಿ ನೋಡಿದ ಮೇಲೆ, 1871ರಲ್ಲಷ್ಟೇ ಲೇಖನ ಪ್ರಕಟಿಸಿದರು.

ಎಲ್ಲರೂ ಹೇಳುವ ಕಥೆ ಇಷ್ಟು. ನನಗೆ ಇಷ್ಟವಾದದ್ದು ಮುಂದಿನದು.

ಬಾಸೆಲ್‌ಗೆ ಮರಳಿದಾಗ ಊರ ನಡುವೆ ರೈನ್ ನದಿ, ನದಿ ತುಂಬ ಸಾಲ್ಮನ್ ಮೀನು. ವೀರ್ಯಾಣುವಿನ ತಲೆ ಎಂದರೆ ಬಹುಪಾಲು ನ್ಯೂಕ್ಲಿಯಸ್ಸೇ, ಕೀವಿಗಿಂತ ಶುದ್ಧ ಸಾಮಗ್ರಿ. ಆದರೆ ವಸ್ತು ಕೆಡದಿರಲು ಚಳಿ ಬೇಕು. ಫ್ರಿಜ್ ಇಲ್ಲದ ಕಾಲ. ಕೊರೆಯುವ ಚಳಿಯಲ್ಲಿ, ಬೆಚ್ಚಗಿಲ್ಲದ ಕೋಣೆಯಲ್ಲಿ ಗಂಟೆಗಟ್ಟಲೆ ಕೆಲಸ ಮಾಡಿದರು. 1874ರಲ್ಲಿ ಪ್ರಕಟಿಸಿದ್ದು ಇದು: ವೀರ್ಯಾಣುವಿನ ತಲೆಯಲ್ಲಿ ಆಮ್ಲೀಯ ನ್ಯೂಕ್ಲಿನ್ ಒಂಟಿಯಾಗಿಲ್ಲ, ಪ್ರತ್ಯಾಮ್ಲ ಗುಣದ ವಸ್ತುವೊಂದು ಅದನ್ನು ಹಿಡಿದುಕೊಂಡಿದೆ. ಅದನ್ನು ಪ್ರೋಟಮೀನ್ ಎಂದು ಕರೆದರು. ಅದೊಂದು ಪುಟ್ಟ ಪ್ರೋಟೀನ್ ಎಂದು ತೋರಿಸಿದವರು ಆಲ್ಬ್ರೆಕ್ಟ್ ಕೊಸೆಲ್.

ಸ್ಪರ್ಮಿಯೋಜೆನೆಸಿಸ್ ಎಂದು ನಾವು ಬಾಯಿಪಾಠ ಮಾಡುವ ಹಂತದಲ್ಲಿ ಹಿಸ್ಟೋನ್‌ಗಳು ಬಹುಪಾಲು ಜಾಗ ಬಿಡುತ್ತವೆ, ಪ್ರೋಟಮೀನ್ ಬಂದು ಕೂರುತ್ತದೆ. ಅದರ ತುಂಬ ಅರ್ಜಿನೀನ್ ಎಂಬ ಧನಾವೇಶದ ಅಮೈನೋ ಆಮ್ಲ. ಡಿಎನ್ಎಯ ಫಾಸ್ಫೇಟಿನದು ಋಣಾವೇಶ. ಎರಡೂ ಬಿಗಿಯಾಗಿ ಅಂಟಿಕೊಂಡು ಡಿಎನ್ಎ ಪುಟ್ಟ ತಲೆಯೊಳಗೆ ಮಡಚಿ ಕೂರುತ್ತದೆ. ಮನುಷ್ಯರಲ್ಲೂ ಹೀಗೆಯೇ. ಪ್ರೋಟಮೀನ್ ಸರಿಯಾಗಿ ಸೇರದಿದ್ದರೆ ಡಿಎನ್ಎಗೆ ಹಾನಿಯಾಗಿ ಸಂತಾನಹೀನತೆ ಬರಬಹುದು. ತರಗತಿಯಲ್ಲಿ ಈ ಪಾಠ ಬಂದಾಗ ನಾವು ನಕ್ಕು ತಲೆತಗ್ಗಿಸುತ್ತೇವಲ್ಲ, ಎಷ್ಟೋ ಮನೆಗಳಲ್ಲಿ ಅದು ನಗುವ ವಿಷಯವಲ್ಲ.

ಮೀಶರ್ 1895ರಲ್ಲಿ ದಾವೋಸ್‌ನಲ್ಲಿ ಕ್ಷಯದಿಂದ ತೀರಿಕೊಂಡರು. ವಯಸ್ಸು 51. ರೋಗಿಯ ಎದೆಬಡಿತ ಆಲಿಸಲು ಅವರಿಗೆ ಕಷ್ಟವಿತ್ತು. ಇಂದು ಹೃದಯದ ಶಸ್ತ್ರಚಿಕಿತ್ಸೆ ಮುಗಿದ ಮೇಲೆ ಹೆಪಾರಿನ್ ಔಷಧದ ಪರಿಣಾಮ ಇಳಿಸಲು ವೈದ್ಯರು ಕೊಡುವ ಚುಚ್ಚುಮದ್ದು ಅದೇ ಪ್ರೋಟಮೀನ್.